ಬೀಟಾ ನಂಬರ್ ಏರಿದೆ, ಆದ್ರೂ ಡಾಕ್ಟ್ರಿಗೆ ಎಂತ ಡೌಟು?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಡೇಟ್ ತಪ್ಪಿ ಎಂಟು ದಿನ ಆದ ಮೇಲೆ ಕಿಟ್‌ನಲ್ಲಿ ಎರಡು ಗೆರೆ ಬಂತು. ಬೀಟಾ ಎಚ್‌ಸಿಜಿ 620, ಎರಡು ದಿನ ಬಿಟ್ಟು ಮಾಡಿಸಿದ್ರೆ 810, ಪ್ರೊಜೆಸ್ಟರಾನ್ 9. ಸ್ಕ್ಯಾನಲ್ಲಿ ಎಂತದ್ದೂ ಕಾಣ್ಲಿಲ್ಲ, ಬಸಿರು ಗರ್ಭಕೋಶ ಬಿಟ್ಟು ಅಂಡನಾಳದ ಟ್ಯೂಬಲ್ಲಿ ಕೂತಿರ್ಬಹುದು ಅಂದ್ರು. ಅತ್ತೆ ಮಾತ್ರ ನಂಬರ್ ಏರಿದೆಯಲ್ವಾ, ಮತ್ತೆಂತ ಹೆದರಿಕೆ ಅಂತಾರೆ.
– ಹೆಸರು ಬೇಡ, ಉಡುಪಿ

ಉತ್ತರ: ನಿಮ್ಮ ಅತ್ತೆ ಹೇಳಿದ್ದು ಅರ್ಧ ಸರಿ ಉಂಟಮ್ಮ. ಏರಿದೆ, ಆದ್ರೆ ಸಾಕಷ್ಟು ಏರಿಲ್ಲ. ಈ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನ್ ಬರುವುದು ಮುಂದೆ ಮಾಸು ಆಗುವ ಜೀವಕೋಶಗಳಿಂದ, ಅವು ಚೆನ್ನಾಗಿ ಬೇರೂರಿದ್ರೆ ಶುರುವಿನ ವಾರಗಳಲ್ಲಿ ಎರಡು-ಮೂರು ದಿನಕ್ಕೆ ನಂಬರ್ ಡಬಲ್ ಆಗ್ತದೆ. ಎಲ್ಲರಿಗೂ ಡಬಲ್ ಆಗ್ಲೇಬೇಕು ಅಂತಿಲ್ಲ, ಆದ್ರೆ 1500ರ ಒಳಗೆ ಇರುವಾಗ 48 ಗಂಟೆಯಲ್ಲಿ ಕಡಿಮೆ ಅಂದ್ರೂ ನೂರಕ್ಕೆ 49ರಷ್ಟು ಏರ್ಬೇಕು, ಅಂದ್ರೆ ನಿಮ್ಮ 620 ಸುಮಾರು 920 ಮುಟ್ಬೇಕಿತ್ತು, 810ರಲ್ಲೇ ನಿಂತಿದೆ, ಡಾಕ್ಟ್ರ ಡೌಟು ಅಲ್ಲಿಂದ್ಲೇ.

ಹಾಗಂತ ಟ್ಯೂಬಲ್ಲೇ ಉಂಟು ಅಂತ ಈಗ್ಲೇ ಅಳ್ಳಿಕ್ಕೆ ಕೂರ್ಬೇಡಿ. ಗರ್ಭಕೋಶದೊಳಗೇ ಇದ್ದು ನಿಲ್ಲದೆ ಹೋಗುವ ಬಸಿರಲ್ಲೂ ನಂಬರ್ ಹೀಗೇ ಕುಂಟ್ತದೆ, ಟ್ಯೂಬಿನ ಕೆಲವು ಬಸಿರಲ್ಲಿ ನಂಬರ್ ಬರೋಬ್ಬರಿ ನಾರ್ಮಲ್ ತರಾನೇ ಏರಿ ನಮ್ಮನ್ನೇ ಏಮಾರಿಸ್ತದೆ. ಸರಿ ಬೆಳೀತಾ ಉಂಟಾ ಅಂತ ರಕ್ತ ಹೇಳೀತು, ಎಲ್ಲಿ ಉಂಟು ಅಂತ ಸ್ಕ್ಯಾನೇ ಹೇಳ್ಬೇಕು. ನಿಮ್ಮ 810ಕ್ಕೆ ಸ್ಕ್ಯಾನ್ ಖಾಲಿ ಕಂಡ್ರೆ ಅದೇನೂ ವಿಶೇಷ ಅಲ್ಲ, 3500 ದಾಟಿಯೂ ಒಳಗಿಂದ ಮಾಡುವ ಸ್ಕ್ಯಾನಲ್ಲಿ ಗರ್ಭಕೋಶದೊಳಗೆ ಬಸಿರಿನ ಚೀಲ ಕಾಣದಿದ್ರೆ ಆಗ ನಾವೂ ಗಂಭೀರ ಆಗ್ತೇವೆ.

ಬಸಿರನ್ನು ಹಿಡಿದಿಡುವ ಹಾರ್ಮೋನ್ ಪ್ರೊಜೆಸ್ಟರಾನ್ 5ಕ್ಕಿಂತ ಕೆಳಗಿದ್ರೆ ಆ ಬಸಿರು ಉಳಿಯುವುದು ಕಷ್ಟ, 20ರ ಮೇಲಿದ್ರೆ ಸ್ವಲ್ಪ ಧೈರ್ಯ. ನಿಮ್ಮ 9 ನಡುವೆ ಸಿಕ್ಕಿಬಿದ್ದದ್ದು, ಅದ್ರಿಂದ ಎಂತದೂ ತೀರ್ಮಾನ ಆಗುವುದಿಲ್ಲ. ಅದರ ಮೇಲೆ ನೀವು ಪ್ರೊಜೆಸ್ಟರಾನ್ ಮಾತ್ರೆ ಏನಾದ್ರೂ ತಗೊಳ್ತಾ ಇದ್ರೆ ಅದೂ ರಿಪೋರ್ಟಲ್ಲಿ ಸೇರಿಕೊಳ್ಬಹುದು, ಡಾಕ್ಟ್ರಿಗೆ ಮೊದಲೇ ಹೇಳಿ.

ಈಗ ಮೂರನೇ ಸಲ ಬೀಟಾ ಮಾಡಿಸಿ, ಅದೇ ಲ್ಯಾಬಲ್ಲಿ, ಯಾಕಂದ್ರೆ ಒಂದೊಂದು ಮೆಷಿನ್ ಒಂದೊಂದು ನಂಬರ್ ಕೊಡ್ತದೆ. ಟ್ಯೂಬಲ್ಲೇ ಅಂತ ಬೇಗ ಗೊತ್ತಾದ್ರೆ ತುಂಬಾ ಜನಕ್ಕೆ ಆಪರೇಶನ್ ಇಲ್ದೆ, ಬಸಿರು ಬೆಳೆಯುವುದನ್ನು ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನಲ್ಲೇ ಆಗ್ತದೆ, ಆದ್ರೆ ಅದು ಒಳ್ಳೆ ಬಸಿರನ್ನೂ ಬಿಡುವುದಿಲ್ಲ, ಹಾಗಾಗಿ ಎರಡು ದಿನ ಕಾಯಿಸಿದ್ರು ಅಂತ ಡಾಕ್ಟ್ರ ಮೇಲೆ ಸಿಟ್ಟು ಮಾಡ್ಬೇಡಿ.

ಕಾಯುವಾಗ ಒಬ್ಬರೇ ಇರ್ಬೇಡಿ. ಒಂದೇ ಬದಿ ಹೊಟ್ಟೆನೋವು, ತಲೆ ತಿರುಗುವುದು, ಭುಜದ ತುದಿಯಲ್ಲಿ ನೋವು, ಇದ್ರಲ್ಲಿ ಯಾವುದೊಂದು ಬಂದ್ರೂ ಗ್ಯಾಸ್ ಅಂತ ಓಮದ ನೀರು ಕುಡಿದು ಮಲಗುವುದಲ್ಲ ಮಾರಾಯ್ತಿ, ಟ್ಯೂಬ್ ಒಡೆದು ಹೊಟ್ಟೆಯೊಳಗೆ ರಕ್ತ ಸುರಿದ್ರೂ ಭುಜಕ್ಕೇ ನೋವು ಬರುವುದು. ರಾತ್ರಿ ಎರಡು ಗಂಟೆ ಆದ್ರೂ, ಎಂಥ ಮಳೆ ಇದ್ರೂ, ಹೊರಡ್ಬೇಕು. ಯಾರ ಗಾಡಿ ಅಂತ ಇವತ್ತೇ ಹೇಳಿಟ್ಟಿರಿ. ಬ್ಲಡ್ ಗ್ರೂಪ್ ಬರೀಲಿಲ್ಲ ನೀವು, ನೆಗೆಟಿವ್ ಆದ್ರೆ ಮುಂದಿನ ಬಸಿರಿಗೆ ತೊಂದ್ರೆ ಆಗದ ಹಾಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಕೇಳ್ಲಿಕ್ಕೆ ಮರೀಬೇಡಿ.