ಪಿಸ್ತೂಲಿಗೂ ರಿವಾಲ್ವರಿಗೂ ಒಂದೇ ಡಬ್ಬಿ ಮದ್ದು ಸಾಕೇ?

ನಿಮ್ಮ ಬಳಿ 9 ಎಂಎಂ ಪಿಸ್ತೂಲು, .45 ಎಸಿಪಿ ಪಿಸ್ತೂಲು ಮತ್ತು .357 ಮ್ಯಾಗ್ನಮ್ ರಿವಾಲ್ವರ್ ಇವೆ, ರಿವಾಲ್ವರಿನಲ್ಲಿ ಹೆಚ್ಚಾಗಿ .38 ಸ್ಪೆಷಲ್ ತೋಟಾಗಳನ್ನೇ ಹಾರಿಸುತ್ತೀರಿ. ಗುರಿ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ಇನ್ನು ಮುಂದೆ ಕೈಯಾರೆ ತುಂಬಿಕೊಳ್ಳಬೇಕೆಂದಿರುವ ನೀವು, ಇವೆಲ್ಲಕ್ಕೂ ಆಗುವ ಒಂದೇ ಮದ್ದು ಇದೆಯೇ, ಇದ್ದರೆ ಯಾವುದು ಎಂದು ಕೇಳಿದ್ದೀರಿ. ಪೂರ್ಣ ಬಲದ ಮ್ಯಾಗ್ನಮ್ ತೋಟಾ ಒಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಒಂದೇ ಡಬ್ಬಿ ಸಾಕು ಎಂಬುದು ನನ್ನ ಉತ್ತರ. ಹೊಸದಾಗಿ ಆರಂಭಿಸುವವರಿಗೆ ನಾನು ಹೇಳುವ ಹೆಸರು ಯೂನಿಕ್, ಅಥವಾ ಅದಕ್ಕೆ ತೀರ ಹತ್ತಿರದ ಯೂನಿವರ್ಸಲ್. ಆದರೆ ಹೆಸರಿಗಿಂತ ಅದನ್ನು ಆರಿಸಿದ ಕಾರಣ ಮುಖ್ಯ. ಕಾರಣ ತಿಳಿದಿದ್ದರೆ ಆ ಹೆಸರಿನ ಮದ್ದು ಸಿಗದ ದಿನ ನೀವೇ ಇನ್ನೊಂದನ್ನು ಆರಿಸಿಕೊಳ್ಳಬಲ್ಲಿರಿ.

ಮೊದಲಿಗೆ ಈ ನಾಲ್ಕು ತೋಟಾಗಳು ಎಷ್ಟು ಬೇರೆಬೇರೆ ಎಂಬುದನ್ನು ನೋಡಿ. ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸ್ಯಾಮಿ ನಿಗದಿಪಡಿಸಿದ ಗರಿಷ್ಠ ಒತ್ತಡ 9 ಎಂಎಂಗೆ ಚದರ ಅಂಗುಲಕ್ಕೆ 35,000 ಪೌಂಡ್, .45 ಎಸಿಪಿಗೆ 21,000, ಸಾಮಾನ್ಯ .38 ಸ್ಪೆಷಲ್‌ಗೆ ಕೇವಲ 17,000; .357 ಮ್ಯಾಗ್ನಮ್ ಮತ್ತೆ 35,000ಕ್ಕೆ ಏರುತ್ತದೆ. ಕೇಸಿನ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯ, ಅಳತೆಯಲ್ಲಿಯೂ ಇದೇ ಅಂತರ: 9 ಎಂಎಂ ಕೇಸಿನ ಉದ್ದ ಸುಮಾರು 19 ಮಿಲಿಮೀಟರ್ ಇದ್ದರೆ .38 ಸ್ಪೆಷಲ್ ಕೇಸಿನದು 29 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. .38 ಸ್ಪೆಷಲ್ ಹುಟ್ಟಿದ್ದು ಕರಿಮದ್ದಿನ ಕಾಲದ ಕೊನೆಗೆ. ಹೆಚ್ಚು ಜಾಗ ಬೇಡುವ ಕರಿಮದ್ದನ್ನು ಹಿಡಿಸಲು ಮಾಡಿದ ಆ ಉದ್ದನೆಯ ಕೇಸಿಗೆ ನಾವಿಂದು ಚಿಟಿಕೆಯಷ್ಟು ಹೊಗೆರಹಿತ ಮದ್ದು ಹಾಕುತ್ತೇವೆ, ಉಳಿದದ್ದೆಲ್ಲ ಖಾಲಿ ಜಾಗ. ಆದ್ದರಿಂದ ನೀವು ಹುಡುಕುತ್ತಿರುವ ಮದ್ದು ಎರಡು ಕೆಲಸ ಮಾಡಬೇಕು: ಕಡಿಮೆ ಒತ್ತಡದ ದೊಡ್ಡ ಕೇಸಿನಲ್ಲಿ ಪೂರ್ತಿಯಾಗಿ ಉರಿಯಬೇಕು, ಹೆಚ್ಚು ಒತ್ತಡದ ಸಣ್ಣ ಕೇಸಿನಲ್ಲಿ ಒತ್ತಡವನ್ನು ಒಮ್ಮೆಲೇ ಮಿತಿ ಮೀರಿಸಬಾರದು.

ಇಲ್ಲಿಯೇ ಉರಿಯುವ ವೇಗದ ಪ್ರಶ್ನೆ ಬರುತ್ತದೆ. ಕೈಬಂದೂಕಿನ ಮದ್ದುಗಳಲ್ಲಿ ಬುಲ್ಸ್‌ಐ, ಟೈಟ್‌ಗ್ರೂಪ್ ಮುಂತಾದವು ಬೇಗ ಉರಿಯುವ ತುದಿಯಲ್ಲಿವೆ. ಎಚ್110, 2400 ನಿಧಾನದ ತುದಿಯಲ್ಲಿವೆ. ಎಚ್‌ಪಿ-38, ಯೂನಿಕ್, ಯೂನಿವರ್ಸಲ್, ಪವರ್ ಪಿಸ್ಟಲ್, ಎಚ್‌ಎಸ್-6 ನಡುವೆ ಹರಡಿಕೊಂಡಿವೆ. ಬೇಗ ಉರಿಯುವ ಮದ್ದಿಗೆ ಪೂರ್ತಿ ಉರಿಯಲು ಹೆಚ್ಚಿನ ಒತ್ತಡದ ಆಸರೆ ಬೇಡ, ತೂಕವೂ ಕಡಿಮೆ ಸಾಕು. ಆದರೆ ಗರಿಷ್ಠದ ಹತ್ತಿರ ತೂಕದ ಸಣ್ಣ ಹೆಚ್ಚಳಕ್ಕೂ ಒತ್ತಡ ಕಡಿದಾಗಿ ಏರುತ್ತದೆ. ನಿಧಾನದ ಮದ್ದು ಗುಂಡನ್ನು ನಳಿಕೆಯುದ್ದಕ್ಕೂ ತಳ್ಳುತ್ತಾ ಹೋಗಿ ಹೆಚ್ಚಿನ ವೇಗ ಕೊಡುತ್ತದೆ, ಆದರೆ ಹಗುರ ತೋಟಾದಲ್ಲಿ ಅದು ಅರೆಬರೆ ಉರಿದು ನಳಿಕೆಯಲ್ಲಿ ಕಣಗಳನ್ನು ಉಳಿಸುತ್ತದೆ. ಎಚ್110 ಮದ್ದಿನ ವಿಷಯದಲ್ಲಂತೂ, ಕೊಟ್ಟಿರುವ ತೂಕಕ್ಕಿಂತ ಇಳಿಸಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಹಾಗೆ ಇಳಿಸಿದರೆ ಗುಂಡು ನಳಿಕೆಯ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು. ನಾಲ್ಕಾರು ಬಗೆಯ ತೋಟಾಗಳಿಗೆ ಆಗಬೇಕಾದ ಮದ್ದು ಹಾಗಾಗಿ ನಡುವಿನ ಗುಂಪಿನಿಂದಲೇ ಬರಬೇಕು. ವೇಗದ ಪಟ್ಟಿಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ: ಅವು ಕ್ರಮವನ್ನಷ್ಟೇ ತಿಳಿಸುತ್ತವೆ, ಅಂತರವನ್ನಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿದೆ ಎಂಬ ಕಾರಣಕ್ಕೆ ಒಂದು ಮದ್ದಿನ ತೂಕವನ್ನು ಇನ್ನೊಂದಕ್ಕೆ ಹಚ್ಚುವುದು ಅಪಾಯಕಾರಿ, ಇದಕ್ಕೆ ಯಾವ ವಿನಾಯಿತಿಯೂ ಇಲ್ಲ.

ವೇಗಕ್ಕಿಂತಲೂ ಹೆಚ್ಚಾಗಿ ನಾನು ನೋಡುವುದು ಮದ್ದು ಕೇಸಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು. ಈ ಹವ್ಯಾಸದಲ್ಲಿ ಬಂದೂಕು ಒಡೆಯುವ ಅನಾಹುತಗಳಿಗೆ ಒಂದು ಸಾಮಾನ್ಯ ಕಾರಣ ಒಂದೇ ಕೇಸಿಗೆ ಮದ್ದು ಎರಡು ಬಾರಿ ಬೀಳುವುದು. ಟೈಟ್‌ಗ್ರೂಪಿನಂಥ ಸಾಂದ್ರವಾದ ಮದ್ದು .38 ಸ್ಪೆಷಲ್ ಕೇಸಿನ ತಳದಲ್ಲಿ ತೆಳುವಾಗಿ ಕುಳಿತುಕೊಳ್ಳುತ್ತದೆ. ಅದು ಎರಡು ಪಟ್ಟಾಗಿ ಬಿದ್ದರೂ ಅರೆಗಣ್ಣಿನಲ್ಲಿ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಸಣ್ಣ 9 ಎಂಎಂ ಕೇಸಿನಲ್ಲಿಯೂ ಎರಡು ಪಾಲು ಚೆಲ್ಲದೆ ಹಿಡಿದುಬಿಡುತ್ತದೆ. ಯೂನಿಕ್ ಹಗುರವಾದ ಚಕ್ಕೆಗಳ ರೂಪದಲ್ಲಿದ್ದು ಅದೇ ತೂಕಕ್ಕೆ ಬಹಳ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. 9 ಎಂಎಂ ಕೇಸಿಗೆ ಅದರ ಸಾಮಾನ್ಯ ಪಾಲು ಎರಡು ಸಲ ಬಿದ್ದರೆ ಮೇಲಿನಿಂದ ಚೆಲ್ಲುತ್ತದೆ; .38 ಮತ್ತು .45ರಲ್ಲಿ ಚೆಲ್ಲದಿದ್ದರೂ ಮಟ್ಟ ಎಷ್ಟು ಮೇಲೇರುತ್ತದೆಂದರೆ ದೀಪ ಹಿಡಿದು ನೋಡಿದವರ ಕಣ್ಣಿಗೆ ಬೀಳದೆ ಇರದು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಆರಂಭದ ವರ್ಷಗಳಲ್ಲಿ ಉಳಿತಾಯದ ಆಸೆಗೆ ಬೇಗ ಉರಿಯುವ ಸಾಂದ್ರ ಮದ್ದನ್ನೇ .38ಕ್ಕೆ ಬಳಸುತ್ತಿದ್ದೆ. ಒಂದು ಸಂಜೆ ಐವತ್ತು ಕೇಸುಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಮದ್ದು ತುಂಬುತ್ತಿದ್ದಾಗ ಯಾರೋ ಕರೆದರು. ಎದ್ದು ಹೋಗಿ ಬಂದು ಕುಳಿತೆ. ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಸಾಲುಗಳನ್ನು ನೋಡುವ ಅಭ್ಯಾಸವಿತ್ತು. ಎರಡು ಸಲ ನೋಡಿದರೂ ಎಲ್ಲವೂ ಸರಿಯೆಂದೇ ತೋರಿತು. ಮನಸ್ಸು ಒಪ್ಪದೆ ಒಂದೊಂದನ್ನೇ ಸುರಿದು ತೂಗಿದಾಗ, ನಾನು ಎದ್ದುಹೋದ ಜಾಗದ ಕೇಸಿನಲ್ಲಿ ಸರಿಯಾಗಿ ಎರಡು ಪಾಲು ಮದ್ದಿತ್ತು. ಅಂದು ನನ್ನ ಕಣ್ಣು ನನಗೆ ಕೈಕೊಟ್ಟಿತ್ತು, ಮದ್ದಿನ ಸ್ವಭಾವ ಆ ಕಣ್ಣಿಗೆ ನೆರವಾಗಲಿಲ್ಲ. ಆ ಸಾಂದ್ರ ಮದ್ದುಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅನುಭವಿಗಳು ಅವನ್ನು ವರ್ಷಗಟ್ಟಲೆ ನಿರಪಾಯವಾಗಿ ಬಳಸುತ್ತಾರೆ. ಆದರೆ ಮೊದಲ ಡಬ್ಬಿ ಕೊಳ್ಳುತ್ತಿರುವವರಿಗೆ, ತಪ್ಪಾದಾಗ ತಾನೇ ಎದ್ದು ಕಾಣುವ ಮದ್ದನ್ನೇ ಕೊಡಬೇಕೆಂದು ಅಂದಿನಿಂದ ನಿಶ್ಚಯಿಸಿದ್ದೇನೆ.

ದೊಡ್ಡ ಕೇಸಿನ ಖಾಲಿ ಜಾಗದಿಂದ ಇನ್ನೊಂದು ತೊಡಕಿದೆ. ರಿವಾಲ್ವರನ್ನು ಕೆಳಮುಖ ಮಾಡಿ ನಿಧಾನಕ್ಕೆ ಎತ್ತಿ ಗುರಿ ಹಿಡಿದರೆ ಮದ್ದು ಗುಂಡಿನ ಕಡೆಗೆ ಜಾರಿರುತ್ತದೆ; ಮೇಲ್ಮುಖ ಮಾಡಿ ಇಳಿಸಿದರೆ ಕೇಸಿನ ತಳದಲ್ಲಿದ್ದು ಕಿಡಿ ಹೊತ್ತಿಸುವ ಪ್ರೈಮರಿನ ಕಡೆಗೆ ಕುಳಿತಿರುತ್ತದೆ. ಮದ್ದು ಪ್ರೈಮರಿನ ಬಳಿ ಇದ್ದಾಗ ವೇಗ ಹೆಚ್ಚು, ದೂರ ಇದ್ದಾಗ ಕಡಿಮೆ ಬರುವುದು ಸಾಮಾನ್ಯ. ವೇಗ ಅಳೆಯುವ ಕ್ರೋನೋಗ್ರಾಫ್ ನಿಮ್ಮಲ್ಲಿದ್ದರೆ ಹೀಗೆ ಐದು, ಹಾಗೆ ಐದು ಹಾರಿಸಿ ನೋಡಿ. ಅಭ್ಯಾಸದಲ್ಲಿ ಗುರಿಹಲಗೆಯ ಮೇಲೆ ಗುಂಡುಗಳ ಗುಂಪು ಏಕೆ ಮೇಲೆ ಕೆಳಗೆ ಹರಡುತ್ತಿದೆ ಎಂಬ ಪ್ರಶ್ನೆಗೆ ಕೆಲವೊಮ್ಮೆ ಉತ್ತರ ಅಲ್ಲೇ ಸಿಗುತ್ತದೆ. ಈ ಒಂದು ವಿಷಯದಲ್ಲಿ ಟೈಟ್‌ಗ್ರೂಪಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು: ಮದ್ದು ಎಲ್ಲಿ ಕುಳಿತಿದೆ ಎಂಬುದರಿಂದ ಅದಕ್ಕೆ ಆಗುವ ವ್ಯತ್ಯಾಸ ಕಡಿಮೆ.

ಹಾಗೆಂದು ಯೂನಿಕ್ ದೋಷವಿಲ್ಲದ ಮದ್ದಲ್ಲ. ಅದರ ಚಕ್ಕೆಗಳು ದೊಡ್ಡವಾಗಿರುವುದರಿಂದ ಮದ್ದು ಅಳೆದು ಹಾಕುವ ಯಂತ್ರದಲ್ಲಿ ಸರಾಗವಾಗಿ ಇಳಿಯುವುದಿಲ್ಲ; ಹಿಡಿಕೆ ತಿರುಗಿಸುವಾಗ ಚಕ್ಕೆ ಕತ್ತರಿಸಿದಂತೆ ಕರಕರ ಎನ್ನುತ್ತದೆ, ಪಾಲಿನಿಂದ ಪಾಲಿಗೆ ತೂಕ ಅಲ್ಪಸ್ವಲ್ಪ ಏರುಪೇರಾಗುತ್ತದೆ. ಹಿಡಿಕೆಯನ್ನು ಪ್ರತಿ ಸಲವೂ ಒಂದೇ ಬಲದಲ್ಲಿ, ಒಂದೇ ಲಯದಲ್ಲಿ ತಿರುಗಿಸುವುದನ್ನು ಕಲಿತರೆ ಅಭ್ಯಾಸದ ತೋಟಾಗಳಿಗೆ ಇದು ತೊಂದರೆಯಾಗದು. ಎರಡನೆಯ ದೂರು ಮಸಿಯದು: .45 ಎಸಿಪಿ ಅಥವಾ .38ರಲ್ಲಿ ತೀರ ಹಗುರವಾಗಿ ತುಂಬಿದರೆ ಒತ್ತಡ ಸಾಲದೆ ಮದ್ದು ಪೂರ್ತಿ ಉರಿಯುವುದಿಲ್ಲ, ಕೇಸಿನ ಗೋಡೆ ಹಿಗ್ಗಿ, ಬಂದೂಕಿನಲ್ಲಿ ತೋಟಾ ಕೂರುವ ಕೊಠಡಿಗೆ ಅಂಟಿಕೊಳ್ಳುವುದೂ ಇಲ್ಲ. ಅನಿಲ ಹಿಂದಕ್ಕೆ ನುಸುಳಿ ಕೇಸಿನ ಹೊರಮೈ ಕಪ್ಪಾಗುತ್ತದೆ. ಅನುಮತಿಸಿದ ಮಿತಿಯೊಳಗೆ ಸ್ವಲ್ಪ ಏರಿಸಿದೊಡನೆ ಮಸಿ ಗಮನಾರ್ಹವಾಗಿ ಕಡಿಮೆಯಾಗುವುದನ್ನು ನೀವೇ ಕಾಣುತ್ತೀರಿ.

ಯೂನಿವರ್ಸಲ್ ಇದೇ ಕೆಲಸವನ್ನು ಸಣ್ಣ ಚಕ್ಕೆಗಳಿಂದ, ಯಂತ್ರದಲ್ಲಿ ಹೆಚ್ಚು ಸರಾಗವಾಗಿ ಮಾಡುತ್ತದೆ. ಎರಡೂ ಎದುರಿಗೆ ಸಿಕ್ಕರೆ ಯಾವುದನ್ನು ಕೊಳ್ಳಲಿ ಎಂದು ನೀವು ಕೇಳಿದರೆ ನಾನು ಯೂನಿವರ್ಸಲ್ ಎನ್ನುತ್ತೇನೆ. ಆದರೂ ಯೂನಿಕ್ ಹೆಸರನ್ನು ಮೊದಲು ಹೇಳಲು ಕಾರಣ ಅದರ ಹಿಂದಿರುವ ಮಾಹಿತಿಯ ರಾಶಿ. ಲಾಫ್ಲಿನ್ ಮತ್ತು ರ‍್ಯಾಂಡ್ ಕಂಪನಿ ಅದನ್ನು 1900ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಮುಂದೆ ಅದು ಹರ್ಕ್ಯುಲಿಸ್ ಕೈಗೆ, ಅನಂತರ ಅಲಯಂಟ್ ಕೈಗೆ ಬಂದಿತು. ಇಷ್ಟು ದೀರ್ಘ ಕಾಲ ಬಳಕೆಯಲ್ಲಿರುವುದರಿಂದ ಬಹುತೇಕ ಪ್ರತಿಯೊಂದು ಕೈಬಂದೂಕಿನ ತೋಟಾಕ್ಕೂ, ಸೀಸದ ಗುಂಡಿಗೂ ತಾಮ್ರದ ಹೊದಿಕೆಯ ಗುಂಡಿಗೂ, ಪರೀಕ್ಷಿಸಿದ ತೂಕಗಳು ಕೈಪಿಡಿಗಳಲ್ಲಿ ಸಿಗುತ್ತವೆ. ನಾಳೆ ನೀವು ಇನ್ನೊಂದು ಬಂದೂಕು ಕೊಂಡರೂ ಹಳೆಯ ಡಬ್ಬಿಗೆ ಮಾಹಿತಿ ಇದ್ದೇ ಇರುತ್ತದೆ. ಬಹುಬಳಕೆ ಎಂಬ ಮಾತಿನ ಅರ್ಧ ಅರ್ಥ ಇದೇ ಎಂದು ನಾನು ಭಾವಿಸುತ್ತೇನೆ.

ಎಚ್‌ಪಿ-38 ಬಗ್ಗೆಯೂ ಹೇಳಬೇಕು, ಏಕೆಂದರೆ ಇದೇ ಪ್ರಶ್ನೆಗೆ ಅನೇಕ ಅನುಭವಿಗಳು ಮೊದಲು ಹೇಳುವ ಹೆಸರು ಅದು. ವಿಂಚೆಸ್ಟರ್ 231 ಎಂಬ ಹೆಸರಿನಲ್ಲಿ ಸಿಗುವುದೂ ಅದೇ ಮದ್ದು, ಡಬ್ಬಿ ಮಾತ್ರ ಬೇರೆ. ಚಪ್ಪಟೆಯಾದ ಸಣ್ಣ ಗೋಲಿಗಳ ರೂಪದಲ್ಲಿರುವುದರಿಂದ ನೀರಿನಂತೆ ಇಳಿಯುತ್ತದೆ, ಪಾಲುಗಳ ತೂಕ ಬಹಳ ಸಮನಾಗಿ ಬರುತ್ತದೆ, ಹಗುರವಾದ .38 ಮತ್ತು .45 ತೋಟಾಗಳಲ್ಲಿ ಯೂನಿಕ್‌ಗಿಂತ ಸ್ವಚ್ಛವಾಗಿ ಉರಿಯುತ್ತದೆ. ನೀವು ಯಾವಾಗಲೂ ಮೆದುವಾದ ತೋಟಾಗಳನ್ನೇ ಹಾರಿಸುವವರಾದರೆ ಅದೇ ನಿಮಗೆ ಹೆಚ್ಚು ಒಪ್ಪಬಹುದು. ಆದರೆ ಅದು ಯೂನಿಕ್‌ನಷ್ಟು ಜಾಗ ಹಿಡಿಯುವುದಿಲ್ಲ, ಮತ್ತು .357ರಲ್ಲಿ ಮಧ್ಯಮ ಬಲಕ್ಕೆ ಏರಿಸುವಾಗ ಯೂನಿಕ್‌ನಷ್ಟು ದೂರ ಜೊತೆ ಬರುವುದಿಲ್ಲ. ಪೂರ್ಣ ಬಲದ .357 ಬೇಕೆನಿಸಿದ ದಿನ ಅದಕ್ಕೆಂದೇ 2400ರ ಬೇರೆ ಡಬ್ಬಿ ಕೊಳ್ಳಿ. ನಡುವಿನ ಮದ್ದನ್ನು ಹಿಂಡಿ ಮ್ಯಾಗ್ನಮ್ ವೇಗ ತೆಗೆಯಲು ಹೋಗಬೇಡಿ.

ಖರ್ಚಿನ ಲೆಕ್ಕ ಸರಳ. ಒಂದು ಪೌಂಡಿನಲ್ಲಿ 7,000 ಗ್ರೇನ್ ಇವೆ. ಲೆಕ್ಕಕ್ಕಾಗಿ ಒಂದು ತೋಟಾಕ್ಕೆ 4 ಗ್ರೇನ್ ಎಂದುಕೊಂಡರೆ 1,750 ತೋಟಾ, 5 ಎಂದುಕೊಂಡರೆ 1,400. ಗುಂಡು ಮತ್ತು ಪ್ರೈಮರಿನ ಖರ್ಚಿನ ಮುಂದೆ ಈ ವ್ಯತ್ಯಾಸ ಸಣ್ಣದು. ಇದಕ್ಕಾಗಿ ಸುರಕ್ಷತೆಯಲ್ಲಿ ರಾಜಿ ಮಾಡಿಕೊಳ್ಳುವುದು ಯೋಗ್ಯವಲ್ಲ.

ನಿಮ್ಮ ತೋಟಾಗಳಿಗೆ ಎಷ್ಟು ಗ್ರೇನ್ ಎಂಬ ಅಂಕಿಯನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಅದನ್ನು ಮದ್ದು ತಯಾರಕರ ಇತ್ತೀಚಿನ ಕೈಪಿಡಿಯಿಂದ, ನೀವು ಬಳಸುವ ಅದೇ ತೂಕದ, ಅದೇ ಬಗೆಯ ಗುಂಡಿಗೆ ಕೊಟ್ಟ ಸಾಲಿನಿಂದಲೇ ತೆಗೆದುಕೊಳ್ಳಬೇಕು; ಸಾಧ್ಯವಾದರೆ ಇನ್ನೊಂದು ಕೈಪಿಡಿಯೊಂದಿಗೆ ಹೋಲಿಸಬೇಕು. ಆರಂಭದ ತೂಕದಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸಿ, ಬಂದೂಕು ಸರಿಯಾಗಿ ನಡೆದು ಗುಂಪು ಚೆನ್ನಾಗಿ ಬಂದ ಕಡೆ ನಿಂತುಬಿಡಿ. 9 ಎಂಎಂನಲ್ಲಿ ಗುಂಡನ್ನು ಎಷ್ಟು ಆಳಕ್ಕೆ ಕೂರಿಸುತ್ತೀರಿ ಎಂಬುದನ್ನೂ ಕೈಪಿಡಿಯಲ್ಲಿ ಹೇಳಿದ ಒಟ್ಟು ಉದ್ದಕ್ಕೆ ಸರಿಹೊಂದಿಸಿ. ಕೇಸು ಚಿಕ್ಕದಾದ್ದರಿಂದ ಗುಂಡು ಸ್ವಲ್ಪವೇ ಆಳಕ್ಕೆ ಇಳಿದರೂ ಮದ್ದಿಗೆ ಉಳಿಯುವ ಜಾಗ ಕುಗ್ಗಿ ಒತ್ತಡ ಬಹಳ ಏರುತ್ತದೆ. ತುಂಬುವ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ, ಕೆಲಸ ಮುಗಿದೊಡನೆ ಯಂತ್ರದಲ್ಲಿ ಉಳಿದ ಮದ್ದು ಅದರದ್ದೇ ಮೂಲ ಡಬ್ಬಿಗೆ ಹೋಗಲಿ. ಎಲೆಕ್ಟ್ರಾನಿಕ್ ತಕ್ಕಡಿ ಬಳಸುವವರಾದರೆ ಫ್ಯಾನ್ ಆರಿಸಿ ಕುಳಿತುಕೊಳ್ಳಿ. ಗಾಳಿಗೆ ಅಂಕಿ ಅಲುಗಾಡುತ್ತದೆ. ಹಾರಿಸುವಾಗ ಯಾವುದೇ ಸದ್ದು ಎಂದಿಗಿಂತ ಮೆತ್ತಗೆ ಕೇಳಿಸಿದರೆ ಮುಂದಿನ ಗುಂಡು ಹಾರಿಸದೆ ಬಂದೂಕು ಖಾಲಿ ಮಾಡಿ ನಳಿಕೆಯೊಳಗೆ ನೋಡಿ.

ಕೈಯಾರೆ ತೋಟಾ ತುಂಬುವುದಕ್ಕೆ, ಮದ್ದು ಮತ್ತು ಪ್ರೈಮರ್ ಇಟ್ಟುಕೊಳ್ಳುವುದಕ್ಕೆ ಹಲವು ದೇಶಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕು, ಕೆಲವೆಡೆ ಅವಕಾಶವೇ ಇಲ್ಲ. ನಿಮ್ಮಲ್ಲಿನ ನಿಯಮ ಖಚಿತಪಡಿಸಿಕೊಂಡ ಮೇಲೆಯೇ ಡಬ್ಬಿ ಕೊಳ್ಳಿ. ಮೊದಲ ಸಲ ತುಂಬುವುದನ್ನು .38 ಸ್ಪೆಷಲ್‌ನಿಂದ ಆರಂಭಿಸಿ: ನೇರ ಗೋಡೆಯ ಕೇಸು ಕೈಗೆ ಸುಲಭ, ಪಿಸ್ತೂಲಿನಲ್ಲಿ ಹಿಂದೆಮುಂದೆ ಸರಿಯುವ ಸ್ಲೈಡ್ ನಡೆಯುತ್ತದೋ ಇಲ್ಲವೋ ಎಂಬ ಚಿಂತೆ ರಿವಾಲ್ವರಿನಲ್ಲಿ ಇರುವುದಿಲ್ಲ, ಮತ್ತು ಐವತ್ತು ಕೇಸುಗಳ ಸಾಲಿನ ಮೇಲೆ ದೀಪ ಹಿಡಿದಾಗ ಯೂನಿಕ್ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನಿಮಗೆ ಅಲ್ಲೇ ತಿಳಿಯುತ್ತದೆ.