ಹೊಸ ಮನೆಗೆ ಫ್ರಿಜ್, ವಾಷಿಂಗ್ ಮೆಷಿನ್: ಆನ್‌ಲೈನ್ ಅಗ್ಗವೇ, ಅಂಗಡಿ ಅಗ್ಗವೇ?

ಬ್ರಹ್ಮಾವರದ ಬಳಿ ಮನೆ ಕಟ್ಟಿಸುತ್ತಿದ್ದೀರಿ, ಒಕ್ಕಲು ಬೇಸಿಗೆಯಲ್ಲಿದೆ, ದೀಪಾವಳಿಯ ಆನ್‌ಲೈನ್ ಮಾರಾಟದಲ್ಲಿ ಫ್ರಿಜ್, ವಾಷಿಂಗ್ ಮೆಷಿನ್, ಎಸಿ ಮೂರೂ ಉಡುಪಿಯ ಅಂಗಡಿಗಿಂತ ಮೂರು ನಾಲ್ಕು ಸಾವಿರ ಕಡಿಮೆಗೆ ಸಿಗುತ್ತಿವೆ, ಈಗಲೇ ಕೊಂಡಿಡಬಹುದೇ ಎಂದು ಕೇಳಿದ್ದೀರಿ. ಕೊಂಡಿಡಬೇಡಿ. ಕೆಲವು ವರ್ಷಗಳ ಹಿಂದೆ ಕಾಪುವಿನಲ್ಲಿ ನಮ್ಮ ಮನೆಯ ಕೆಲಸ ನಡೆಯುತ್ತಿದ್ದಾಗ ನಾನೂ ಇದೇ ಲೆಕ್ಕ ಹಾಕಿ, ಇಂಥದೇ ಹಬ್ಬದ ಮಾರಾಟದಲ್ಲಿ, ಮುಂಭಾಗದಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಒಂದನ್ನು ತರಿಸಿದ್ದೆ. ಅಂಗಡಿಯವರು 33,000 ಹೇಳಿದ್ದರು, ಮೊಬೈಲಿನಲ್ಲಿ 29,000 ಕಾಣಿಸುತ್ತಿತ್ತು. ನಾಲ್ಕು ಸಾವಿರ ಉಳಿಯಿತೆಂದು ಮನೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದೆ.

ಸಾಮಾನು ಬಂದಾಗ ಹೊಸ ಮನೆಗೆ ಬಾಗಿಲು ಕೂಡ ಇರಲಿಲ್ಲ. ಪೆಟ್ಟಿಗೆಯನ್ನು ಅಣ್ಣನ ಮನೆಯ ಚಾವಡಿಯ ಮೂಲೆಯಲ್ಲಿ ಇರಿಸಿ, ಮೇಲೊಂದು ಟಾರ್ಪಾಲು ಹೊದಿಸಿದೆವು. ಟೈಲ್ಸ್ ಹಾಕುವವರು ತಡ ಮಾಡಿದರು, ಬಡಗಿ ಕೈಕೊಟ್ಟರು, ಸಂಕ್ರಾಂತಿ ಕಳೆದು ಯುಗಾದಿ ಬಂತು, ಕೊನೆಗೆ ವೈಶಾಖದಲ್ಲಿ ಒಕ್ಕಲಾಯಿತು. ಆಮೇಲೆ ಪೆಟ್ಟಿಗೆ ಬಿಚ್ಚಿ, ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸಿ ಯಂತ್ರ ಓಡಿಸಿದರೆ, ಬಟ್ಟೆ ಹಿಂಡುವ ಹೊತ್ತಿಗೆ ಒಳಗಿನ ಡ್ರಮ್ ಬದಿಗೆ ಬಡಿಯತೊಡಗಿತು. ಆತ ಹಿಂಬದಿಯ ತಗಡು ತೆಗೆದು, ಡ್ರಮ್ಮಿನ ಅಲುಗಾಟವನ್ನು ತಡೆಯುವ ಭಾಗ ಬುಡದಲ್ಲಿ ಮುರಿದಿರುವುದನ್ನು ತೋರಿಸಿದರು. ದಾರಿಯಲ್ಲಿ ಎಲ್ಲೋ ಪೆಟ್ಟಿಗೆ ಮೂಲೆಯ ಮೇಲೆ ಬಿದ್ದಿತ್ತು; ಆ ಮೂಲೆಯ ಥರ್ಮೊಕೋಲು ಒಳಕ್ಕೆ ಅದುಮಿ ಹೋಗಿದ್ದುದು ಆಗ ನಮ್ಮ ಗಮನಕ್ಕೆ ಬಂತು.

ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟದ್ದೇ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಮಾಡಲು ಹೊರಟಿರುವುದು ಅದನ್ನೇ. ಸೀಲ್ ಒಡೆಯದೆ ಇದ್ದರೆ ವಸ್ತು ಭದ್ರ, ಸೀಲ್ ಒಡೆದರೆ ವಾಪಸು ತೆಗೆದುಕೊಳ್ಳಲಾರರು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಇಂಥ ಯಂತ್ರಗಳ ಮಟ್ಟಿಗೆ ಅದು ತಲೆಕೆಳಗಾದ ತಿಳಿವಳಿಕೆ. ಬದಲಿ ಕೇಳುವ ಅವಧಿ ಸಾಮಾನು ಮನೆ ಮುಟ್ಟಿದ ದಿನದಿಂದ ಎಣಿಕೆಯಾಗುತ್ತದೆ. ನನ್ನ ಆರ್ಡರಿನಲ್ಲಿ ಅದು ಬರೀ 10 ದಿನವಿತ್ತು, ಅದೂ ಬದಲಿ ಮಾತ್ರ, ಹಣ ವಾಪಸಿಲ್ಲ. ವಾರಂಟಿಯು ಬಿಲ್ಲಿನ ದಿನಾಂಕದಿಂದ ಶುರುವಾಗುತ್ತದೆ, ಯಂತ್ರ ಜೋಡಿಸಿದ ದಿನದಿಂದಲ್ಲ. ಆದ್ದರಿಂದ ಎರಡು ವರ್ಷದ ವಾರಂಟಿಯಲ್ಲಿ ಸುಮಾರು ಅರ್ಧ ವರ್ಷವನ್ನು ನಮ್ಮ ಯಂತ್ರ ಟಾರ್ಪಾಲಿನಡಿಯಲ್ಲೇ ಕಳೆದಿತ್ತು. ಇನ್ನು, ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಬಿದ್ದು ಮುರಿದದ್ದು ಅದರೊಳಗೆ ಬರುವುದಿಲ್ಲವೆಂದು ಕಂಪನಿಯವರು ಹೇಳಿದರು, ಮಾರಿದವರು ಅವಧಿ ಮುಗಿದಿದೆ ಎಂದರು. ಇಬ್ಬರ ಮಾತೂ ಅವರವರ ಕಾಗದದ ಪ್ರಕಾರ ಸರಿಯಾಗಿಯೇ ಇತ್ತು. ಬಂದ ದಿನ ಬರೀ ಪೆಟ್ಟಿಗೆ ಬಿಚ್ಚಿ ನೋಡಿದ್ದರೂ ಸಾಲುತ್ತಿರಲಿಲ್ಲ, ಏಕೆಂದರೆ ಒಳಗಿನ ಮುರಿತ ಹೊರಗೆ ಕಾಣುವಂಥದಲ್ಲ. ನೀರಿನ ನಲ್ಲಿ, 16 ಆಂಪಿಯರಿನ ಪ್ಲಗ್, ನೀರು ಹೋಗುವ ಕೊಳವೆ ಇವೆಲ್ಲ ಇದ್ದು ಒಮ್ಮೆ ಓಡಿಸಿದ್ದರೆ ಮಾತ್ರ ತಿಳಿಯುತ್ತಿತ್ತು. ತಂದ ವಾರದಲ್ಲೇ ಓಡಿಸಿ ನೋಡಲಾಗದ ಯಂತ್ರವನ್ನು, ಎಷ್ಟೇ ಕಡಿಮೆಗೆ ಸಿಗಲಿ, ಕೊಳ್ಳಬಾರದೆಂದು ನಾನು ಹಟ ಹಿಡಿದು ಹೇಳುವುದು ಇದೇ ಕಾರಣಕ್ಕೆ.

ಲೆಕ್ಕ ಹೀಗಾಯಿತು. ಬಿಡಿಭಾಗಕ್ಕೂ ಕೂಲಿಗೂ ಸೇರಿ 4,600 ರೂಪಾಯಿ. ಸ್ಟ್ಯಾಂಡಿಗೆ 1,500, ಅಂಗಡಿಯವರು ಅದನ್ನು ಸುಮ್ಮನೆ ಕೊಡುತ್ತೇವೆಂದಿದ್ದರು. ಮೇಲಿಂದ, ನಾನು ತೆಗೆದುಕೊಂಡಿದ್ದ ‘ನೋ ಕಾಸ್ಟ್’ ಇಎಂಐ, ಅಂದರೆ ಬಡ್ಡಿಯಿಲ್ಲ ಎಂದು ಹೇಳಿ ಕೊಡುವ ಕಂತು. ಅದರಲ್ಲಿ ಬ್ಯಾಂಕು ಬಡ್ಡಿಯನ್ನು ಬಿಡುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಕಡಿತವಾಗಿ ತೋರಿಸಿ, ಆಮೇಲೆ ತಿಂಗಳ ಕಂತಿನಲ್ಲಿ ವಸೂಲು ಮಾಡುತ್ತಾರೆ, ಮತ್ತು ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ನಮ್ಮ ತಲೆಗೆ ಬೀಳುತ್ತದೆ. 29,000 ರೂಪಾಯಿಗೆ ಶೇಕಡಾ 15ರ ದರದಲ್ಲಿ ಒಂಬತ್ತು ಕಂತಾದರೆ ಬಡ್ಡಿ ಸುಮಾರು 1,800, ಅದರ ತೆರಿಗೆ 300ಕ್ಕೂ ಮೇಲೆ, ಜೊತೆಗೆ ಬ್ಯಾಂಕಿನ ಸಂಸ್ಕರಣಾ ಶುಲ್ಕ. ಬಡ್ಡಿ ಬೆಲೆಯ ಕಡಿತಕ್ಕೆ ಸರಿಹೋದರೂ, ತೆರಿಗೆಯೂ ಶುಲ್ಕವೂ ಸೇರಿ ಐನೂರು ರೂಪಾಯಿಯ ಮೇಲೆ ಹೋಯಿತು. ಉಳಿಸಿದ ನಾಲ್ಕು ಸಾವಿರ ಮುಗಿದು, ಕೈಯಿಂದ ಎರಡೂವರೆ ಸಾವಿರ ಹೆಚ್ಚೇ ಬಿತ್ತು.

ಇನ್ನೊಂದು ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಆದರೆ ಹೇಳಲೇಬೇಕು. ನಮ್ಮದು ಒಂದಂತಸ್ತಿನ ಮನೆ, ಟ್ಯಾಂಕು ತಾರಸಿಯ ಮೇಲೆ. ನೀರಿನ ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಮುಂಭಾಗದಿಂದ ತುಂಬುವ ಹಲವು ಯಂತ್ರಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು, ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ನಮ್ಮಲ್ಲಿ ಅಷ್ಟಿರಲಿಲ್ಲ, ಒತ್ತಡದ ಪಂಪು ಹಾಕಿಸಬೇಕಾಯಿತು. ಸಾಲದ್ದಕ್ಕೆ ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳಲ್ಲಿ ಎಷ್ಟೋ ಕಡೆ ನೀರಿಗೆ ಕಬ್ಬಿಣದ ಅಂಶ ಸೇರಿರುತ್ತದೆ, ಬಿಳಿ ಬಟ್ಟೆ ಕೆಂಪಗಾಗುತ್ತದೆ, ಅದಕ್ಕೊಂದು ಫಿಲ್ಟರ್ ಬೇಕು. ಆಮೇಲೆ ಅತ್ತಿಗೆಗೆ ಯಂತ್ರ ಕೊಳ್ಳಲು ಉಡುಪಿಯ ಅಂಗಡಿಯೊಂದಕ್ಕೆ ಹೋಗಿದ್ದಾಗ, ಅಲ್ಲಿನವರು ಬೆಲೆ ಹೇಳುವ ಮೊದಲೇ “ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ಬಾವಿ ನೀರೋ ಪಂಚಾಯತ್ ನೀರೋ?” ಎಂದು ಕೇಳಿ, ಮೇಲಿನಿಂದ ಬಟ್ಟೆ ಹಾಕುವ ಮಾದರಿಯನ್ನೇ ತೋರಿಸಿದರು. ಅದರ ಬೆಲೆ ಕಡಿಮೆಯೇ ಇತ್ತು.

ಹಾಗೆಂದು ಅಂಗಡಿ ಎಂದರೆ ಧರ್ಮಛತ್ರವೆಂದು ತಿಳಿಯಬೇಡಿ. ಒಂದೂವರೆ ಸಾವಿರ ಉಳಿಸಲು ಕಾರು ತೆಗೆದು ಉಡುಪಿಯಿಂದ ಮಂಗಳೂರಿಗೆ ಹೋಗುವವರಿದ್ದಾರೆ. ಹೋಗಿಬರುವ ನೂರಕ್ಕೂ ಮಿಕ್ಕಿದ ಕಿಲೋಮೀಟರಿನ ಪೆಟ್ರೋಲು, ಹೆಜಮಾಡಿಯ ಟೋಲು, ಹಂಪನಕಟ್ಟೆಯ ಹೋಟೆಲಿನ ಊಟ ಸೇರಿಸಿದರೆ ಉಳಿಯುವುದು ಅಷ್ಟಕ್ಕಷ್ಟೇ. ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ ಎನ್ನುವವರಿಂದ ಕೊಳ್ಳಲೇಬೇಡಿ, ಬಿಲ್ಲಿಲ್ಲದಿದ್ದರೆ ವಾರಂಟಿಯನ್ನು ಮರೆತುಬಿಡಬೇಕು. ತೆರಿಗೆಯಿಂದಾಗಿ ಅಂಗಡಿಯಲ್ಲಿ ದುಬಾರಿ ಎನ್ನುವುದಂತೂ ಸುಳ್ಳು; ಜಿಎಸ್‌ಟಿ ಎರಡೂ ಕಡೆ ಒಂದೇ, 2025ರ ಸೆಪ್ಟೆಂಬರ್ 22ರಿಂದ ಎಸಿಯ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದೂ ಇಬ್ಬರಿಗೂ ಅನ್ವಯ. ಬೆಲೆ ಹೋಲಿಸುವಾಗ ಮಾದರಿ ಸಂಖ್ಯೆಯ ಕೊನೆಯ ಅಕ್ಷರಗಳನ್ನೂ ನೋಡಿ. ಆನ್‌ಲೈನಿಗೆಂದೇ ಬೇರೆ ಮಾದರಿ ಬಿಡುವ ಕಂಪನಿಗಳಿವೆ. ನೀವು ಹೇಳುವ ನಾಲ್ಕು ಸಾವಿರದ ವ್ಯತ್ಯಾಸ ಎರಡು ಬೇರೆ ಬೇರೆ ವಸ್ತುಗಳ ನಡುವಿನದ್ದೂ ಆಗಿರಬಹುದು.

ಕಾನೂನಿನ ದಾರಿ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಲೂಬಹುದು. ನಾನು ಕರೆ ಮಾಡಿದ್ದೆ. ಆದರೆ ತಿಂಗಳುಗಟ್ಟಲೆ ನಮ್ಮದೇ ಚಾವಡಿಯಲ್ಲಿದ್ದ ಪೆಟ್ಟಿಗೆಯೊಳಗಿನ ಯಂತ್ರ ದಾರಿಯಲ್ಲೇ ಮುರಿದಿತ್ತೆಂದು ಹೇಗೆ ಸಾಬೀತುಪಡಿಸಲಿ? ಬಿಚ್ಚುವಾಗಿನ ವಿಡಿಯೊ ಕೂಡ ನನ್ನ ಬಳಿ ಇರಲಿಲ್ಲ.

ಆದ್ದರಿಂದ ಆನ್‌ಲೈನೋ ಅಂಗಡಿಯೋ ಎಂಬ ನಿಮ್ಮ ಪ್ರಶ್ನೆಯನ್ನು ಸದ್ಯ ಬದಿಗಿಡಿ. ಒಕ್ಕಲಿಗೆ ಇನ್ನೂ ತಿಂಗಳುಗಳಿರುವಾಗ ಯಾವ ಕಡೆಯಿಂದಲೂ ಸಾಮಾನು ಮನೆಗೆ ಬರಬಾರದು. ಹಬ್ಬದ ಬೆಲೆ ತಪ್ಪುತ್ತದೆಂಬ ಭಯವಿದ್ದರೆ, ಬ್ರಹ್ಮಾವರದಲ್ಲೋ ಉಡುಪಿಯಲ್ಲೋ ನಿಮಗೆ ಪರಿಚಯವಿರುವ ಅಂಗಡಿಗೆ ಹೋಗಿ ಮೊಬೈಲಿನ ಬೆಲೆ ತೋರಿಸಿ ಚೌಕಾಸಿ ಮಾಡಿ. ಪೂರ್ತಿ ಇಳಿಸದಿದ್ದರೂ ಸಾವಿರದ ಅಂತರಕ್ಕಂತೂ ಬರುತ್ತಾರೆ, ಅದರಲ್ಲೂ ತಿಂಗಳ ಕೊನೆಯಲ್ಲಿ. ಸ್ವಲ್ಪ ಮುಂಗಡ ಕೊಟ್ಟು, ಬೆಲೆಯನ್ನೂ ಮಾದರಿ ಸಂಖ್ಯೆಯನ್ನೂ ರಸೀದಿಯಲ್ಲಿ ಬರೆಸಿ, ಬಿಲ್ಲನ್ನು ಮಾತ್ರ ಸಾಮಾನು ಇಳಿಸುವ ದಿನದ್ದೇ ಕೊಡಬೇಕೆಂದು ಹೇಳಿ. ಅತ್ತಿಗೆಯ ಯಂತ್ರವನ್ನು ಹೀಗೆಯೇ ಕೊಂಡೆವು. ಎಸಿಯನ್ನಂತೂ ಗೋಡೆಗೆ ಬಣ್ಣವಾಗುವವರೆಗೆ ಯೋಚಿಸಲೇ ಬೇಡಿ. ಕೊಳ್ಳುವಾಗ, ಉಪ್ಪುಗಾಳಿಯ ಊರಾದ್ದರಿಂದ, ಹೊರಗಿನ ಘಟಕದ ಸುರುಳಿ ತಾಮ್ರದ್ದೇ ಎಂದೂ, ತಾಮ್ರದ ಕೊಳವೆ ಎಷ್ಟು ಮೀಟರ್ ಉಚಿತ, ಅದರ ಮೇಲೆ ಮೀಟರಿಗೆ ಎಷ್ಟು ಎಂದೂ ಮೊದಲೇ ಕೇಳಿ ಬರೆಸಿಕೊಳ್ಳಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನಲ್ಲಿಗೆ ಹಾಕುವ ಫಿಲ್ಟರ್ ಇಂಥವನ್ನು ನಾನು ಈಗಲೂ ಆನ್‌ಲೈನಿನಲ್ಲೇ ತರಿಸುತ್ತೇನೆ. ಬಂದ ದಿನವೇ ಪ್ಲಗ್ಗಿಗೆ ಹಾಕಿ ನೋಡಬಹುದು, ಸರಿಯಿಲ್ಲದಿದ್ದರೆ ಮರುದಿನವೇ ವಾಪಸು ಕಳಿಸಬಹುದು.