ಹಾಸ್ಟೆಲ್ ಕಟ್ಟಡಕ್ಕೆ ಹಳೆ ವಿದ್ಯಾರ್ಥಿನಿಯರ ದೇಣಿಗೆ

ಪ್ರಶ್ನೆ: ದಾವಣಗೆರೆಯಲ್ಲಿ ಟ್ರಸ್ಟ್ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿದ್ದು ಓದಿದವರು ನಾವು. ಮೇಲಂತಸ್ತಿನಲ್ಲಿ ನಾಲ್ಕು ಕೋಣೆ, ಶೌಚಾಲಯ ಕಟ್ಟಿಸಲು 24 ಲಕ್ಷ ರೂಪಾಯಿ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮನವಿ ಹಾಕಿದೆವು. ಶುಭಾಶಯ ಬಂತು, ಹಣ ಬರಲಿಲ್ಲ. ಏನು ಮಾಡೋಣ?
– ಹಳೆ ವಿದ್ಯಾರ್ಥಿನಿಯರ ಬಳಗ

ಉತ್ತರ: ಗುಂಪಿಗೆ ಹಾಕಿದ ಮನವಿ ಯಾರ ಹೆಸರಿಗೂ ಬಂದದ್ದಲ್ಲ. ಬೇರೆಯವರು ಕೊಟ್ಟಾರು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಸದ್ಯಕ್ಕೆ ಅದನ್ನು ನಿಲ್ಲಿಸಿ. ಹಳೇ ಪಾಯ ಇನ್ನೊಂದು ಅಂತಸ್ತು ತಾಳುತ್ತದೆಯೇ ಎಂದು ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಮೊತ್ತವನ್ನು ತಲೆಗಿಷ್ಟು ಎಂದು ಹಂಚಬೇಡಿ. ತಲಾ 5,000 ಎಂದರೆ 480 ಜನ ಬೇಕು. ಲಕ್ಷ ಕೊಡಬಲ್ಲವರೂ ಅಷ್ಟಕ್ಕೇ ನಿಲ್ಲುತ್ತಾರೆ. ಬದಲಿಗೆ 2 ಲಕ್ಷದವರು ಇಬ್ಬರು, 1 ಲಕ್ಷದವರು ಆರು, 50,000ದವರು ಹನ್ನೆರಡು, 25,000ದವರು ಇಪ್ಪತ್ತು, 5,000ದವರು ಅರವತ್ತು: ನೂರು ಜನರಲ್ಲಿ 24 ಲಕ್ಷ ಆಯಿತು. ಒಬ್ಬರು ಒಪ್ಪಬೇಕಾದರೆ ಮೂರು–ನಾಲ್ಕು ಮಂದಿಯನ್ನು ಕೇಳಬೇಕಾದೀತು, ಹಾಗಾಗಿ 350 ಹೆಸರು ಬೇಕು. ದೊಡ್ಡ ಮೊತ್ತದವರನ್ನು ಮನೆಗೇ ಹೋಗಿ ಕಾಣಿ. ಅರ್ಧದಷ್ಟಕ್ಕೆ ಮಾತು ಸಿಕ್ಕ ಮೇಲೆಯೇ ಉಳಿದವರಿಗೆ ಸಾರಿ.

ಹೆಸರು ಹುಡುಕುವುದೇ ನಿಜವಾದ ಕೆಲಸ. ದಾಖಲಾತಿ ಪುಸ್ತಕದಲ್ಲಿರುವುದು ತಂದೆಯ ಹೆಸರು, ತವರೂರು. ಮೊಬೈಲಿನಲ್ಲಿರುವುದು ಗಂಡನ ಮನೆಯ ಹೆಸರು. ಎರಡೂ ತಾಳೆಯಾಗುವುದಿಲ್ಲ. ಹಾಸ್ಟೆಲ್‌ನಲ್ಲಿದ್ದ ಒಂದೊಂದು ವರ್ಷದ ತಂಡಕ್ಕೆ ಒಬ್ಬರನ್ನು ಗೊತ್ತುಮಾಡಿ, ಅವರು ಕೋಣೆ ಹಿಡಿದು ಕೇಳಲಿ: ‘ನಿನ್ನ ರೂಮಲ್ಲಿದ್ದ ಜಗಳೂರಿನ ಹುಡುಗಿ ಈಗ ಎಲ್ಲಿದ್ದಾಳೆ?’ ಪುಸ್ತಕ ಹೇಳದ್ದನ್ನು ರೂಮ್‌ಮೇಟ್ ಹೇಳುತ್ತಾಳೆ. ಒಬ್ಬರ ಮೇಲೆ ಹದಿನೈದಕ್ಕಿಂತ ಹೆಚ್ಚು ಕರೆ ಹೊರಿಸಬೇಡಿ. ಕರೆ ಮಾಡುವವರು ತಮ್ಮ ಪಾಲು ಮೊದಲೇ ಕೊಟ್ಟಿರಲಿ, ಮೊತ್ತ ಹೇಳಿಯೇ ಕೇಳಲಿ. ‘ಕೈಲಾದಷ್ಟು ಕೊಡೇ’ ಎಂದರೆ 500 ಬರುತ್ತದೆ. ಸ್ವಂತ ಸಂಬಳವಿಲ್ಲದ ಗೆಳತಿಯರನ್ನು ದಯವಿಟ್ಟು ಪಟ್ಟಿಯಿಂದ ಬಿಡಬೇಡಿ. 5,000ವನ್ನು ಹತ್ತು ಕಂತು ಮಾಡಿಕೊಡಿ.

ಹಣ ಯಾರ ಸ್ವಂತ ಯುಪಿಐಗೂ ಬರಬಾರದು. ಟ್ರಸ್ಟಿನ ಖಾತೆಗೆ ಬಂದು, ಕಟ್ಟಡ ನಿಧಿಯೆಂದು ಬೇರೆ ಲೆಕ್ಕದಲ್ಲಿರಲಿ. ಟ್ರಸ್ಟಿಗೆ 80ಜಿ ಮಾನ್ಯತೆ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಇದ್ದರೂ 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಇದನ್ನು ಕೇಳುವಾಗಲೇ ತಿಳಿಸಿ. ವಿದೇಶದಲ್ಲಿರುವ ಗೆಳತಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಆಕೆಯ ಹಣ ಪಡೆಯುವಂತಿಲ್ಲ. ಅಂಥ ಹಣ ಈಗಾಗಲೇ ಬಂದಿದ್ದರೆ ಮುಟ್ಟದೆ ಲೆಕ್ಕಪರಿಶೋಧಕರನ್ನು ಕಾಣಿ.